ಸಾಗರದಿಂದ ಹನೋಯ್‌ಗೆ ಒಬ್ಬಳೇ: ಪಿಗ್ಮಿ ದುಡ್ಡಿನಲ್ಲಿ ಆದ ಒಂದು ವಿದೇಶ ಪ್ರವಾಸದ ಪೂರ್ತಿ ಲೆಕ್ಕ

ನನಗೆ ಗೊತ್ತಿರುವ ಒಬ್ಬಳಿಗೆ ಸಾಗರ ತಾಲೂಕಿನ ಒಂದು ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ವಯಸ್ಸು 32. ಮನೆಯಲ್ಲಿ ಅಪ್ಪ, ಅಮ್ಮ, ಸಣ್ಣದೊಂದು ಅಡಿಕೆ ತೋಟ. ರಾಜ್ಯ ಬಿಟ್ಟು ಹೊರಗೆ ಹೋಗಿದ್ದು ಅಂದರೆ ಕಾಶಿ ಮತ್ತು ತಿರುಪತಿ, ಎರಡೂ ಸಲ ಮನೆಯವರ ಜೊತೆ. ಪಾಸ್‌ಪೋರ್ಟ್ ಇರಲಿಲ್ಲ. ವಿಮಾನ ಹತ್ತಿರಲಿಲ್ಲ. ದಿನಕ್ಕೆ ನೂರು ರೂಪಾಯಿಯಂತೆ ಎರಡು ವರ್ಷ ಕಟ್ಟಿದ ಪಿಗ್ಮಿ ಮುಗಿಯುವ ಹೊತ್ತಿಗೆ ಕೈಗೆ ₹73,000 ಬರುವುದಿತ್ತು. ಆ ದುಡ್ಡಿನಲ್ಲಿ ಬಂಗಾರ ಬೇಡ, ಒಂದು ಸಲ ಒಬ್ಬಳೇ ಹೊರದೇಶಕ್ಕೆ ಹೋಗಿ ಬರಬೇಕು ಎಂದು ಅವಳು ತೀರ್ಮಾನ ಮಾಡಿದ್ದು 2024ರ ಮಳೆಗಾಲದಲ್ಲಿ. ವಿಯೆಟ್ನಾಂನ ರಾಜಧಾನಿ ಹನೋಯ್‌ಗೆ ಹೋಗಿ ಬಂದಿದ್ದು 2025ರ ಏಪ್ರಿಲ್‌ನಲ್ಲಿ.

ನನ್ನನ್ನು ಅವಳು ಅಕ್ಕ ಅಂತ ಕರೆಯುತ್ತಾಳೆ. ಶುರುವಿನಿಂದ ಕೊನೆಯವರೆಗೆ ಈ ತಯಾರಿಯಲ್ಲಿ ನಾನೂ ಜೊತೆಗಿದ್ದೆ. ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇದನ್ನೆಲ್ಲ ಬರೆಯುತ್ತಿದ್ದೇನೆ. ನಮ್ಮ ಕಡೆ ಹೆಣ್ಣುಮಕ್ಕಳು, ಗಂಡುಮಕ್ಕಳು, ನಿವೃತ್ತರಾದವರು ಎಷ್ಟೋ ಜನ ಇದೇ ಆಸೆ ಇಟ್ಟುಕೊಂಡು "ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ" ಅಂತ ಸುಮ್ನೆ ಕೂತಿದ್ದಾರೆ. ಅವರಿಗೆ ಈ ಒಂದು ಪ್ರಕರಣ ವಿವರವಾಗಿ ಗೊತ್ತಿರಲಿ ಎಂಬ ಆಸೆ ನನ್ನದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ಖರ್ಚಿನ ಪ್ರವಾಸ ಅಂದ ತಕ್ಷಣ ಎಲ್ಲರೂ ಪ್ರತಿಯೊಂದರಲ್ಲೂ ಅಗ್ಗದ್ದನ್ನು ಹುಡುಕುತ್ತಾರೆ. ಮೊದಲ ಸಲ ಒಬ್ಬರೇ ಹೋಗುವವರಿಗೆ ಅದು ಸರಿಯಾದ ದಾರಿಯಲ್ಲ. ಕೇಳಲು ಯಾರೂ ಇಲ್ಲದ ಕೆಲವು ಗಂಟೆಗಳು ಇರುತ್ತವೆ: ಇಳಿದ ಮೊದಲ ದಿನ, ಊರು ಬದಲಿಸುವ ದಿನ, ಕಾರ್ಡು ಕೈಕೊಟ್ಟ ದಿನ. ಆ ಗಂಟೆಗಳಿಗೆ ಧಾರಾಳವಾಗಿ ದುಡ್ಡು ಇಡಬೇಕು. ಉಳಿದ ಕಡೆ ಎಷ್ಟು ಬೇಕಾದರೂ ಬಿಗಿ ಮಾಡಬಹುದು. ಅವಳ ಲೆಕ್ಕ ಗೆದ್ದಿದ್ದು ಹೀಗೆಯೇ.

ಪಾಸ್‌ಪೋರ್ಟ್ ಮತ್ತು ಇನಿಶಿಯಲ್

ಪಾಸ್‌ಪೋರ್ಟಿಗೆ ಈಗ ಬೆಂಗಳೂರಿಗೆ ಓಡಬೇಕಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೈಸೂರಿನಿಂದ ಶುರುವಾಯಿತು. ಶಿವಮೊಗ್ಗಕ್ಕೂ ಅದು ಬಂದಿದೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ₹1,500 ಕಟ್ಟಿ, ದಿನ ಗೊತ್ತು ಮಾಡಿಕೊಂಡು ಹೋದರೆ ಆಯಿತು. ಹತ್ತನೇ ತರಗತಿ ಪಾಸಾದ ಅಂಕಪಟ್ಟಿ ಇದ್ದರೆ ಇಸಿಆರ್ ಮುದ್ರೆ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು ಎಂಬ ಗುರುತು) ಬೀಳುವುದಿಲ್ಲ. ತತ್ಕಾಲ್‌ಗೆ ಇನ್ನೂ ₹2,000 ಜಾಸ್ತಿ. ಮುಂಚೆಯೇ ಮಾಡಿಸಿದರೆ ಅದರ ಅಗತ್ಯವೇ ಇಲ್ಲ.

ತೊಡಕಾಗಿದ್ದು ಹೆಸರಿನಲ್ಲಿ. ನಮ್ಮ ಕಡೆ ಬಹಳ ಜನರಿಗೆ ಇದೇ ತೊಡಕು, ಅದಕ್ಕೇ ವಿವರವಾಗಿ ಹೇಳುತ್ತೇನೆ. ಅವಳ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್. ಆಧಾರ್‌ನಲ್ಲಿ ಒಂದೇ ಇನಿಶಿಯಲ್, ಅದೂ ಹೆಸರಿನ ಮುಂದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟು ಒಂದೇ ಹೆಸರಿನ ಪಾಸ್‌ಪೋರ್ಟ್ ಮಾಡಿಸಿಕೊಂಡವರೂ ನಮ್ಮಲ್ಲಿ ಇದ್ದಾರೆ. ಮುಂದೆ ವಿಮಾನದ ಟಿಕೆಟ್ ತೆಗೆಯುವಾಗ, ವೀಸಾ ಅರ್ಜಿ ತುಂಬುವಾಗ ಪ್ರತಿ ಸಲವೂ ಆ ಖಾಲಿ ಜಾಗ ಕಾಡುತ್ತದೆ. 2022ರ ಕೊನೆಯಲ್ಲಿ ಯುಎಇ ದೇಶ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗಳಿಗೆ ನಿರ್ಬಂಧ ಹಾಕಿತು. ಹಾಗಾಗಿ ಅವಳು ಮೊದಲು ಆಧಾರ್ ತಿದ್ದಿಸಿದಳು. ಆಮೇಲೆ ಅಪ್ಪನ ಹೆಸರನ್ನು ಕೊನೆಯ ಹೆಸರಾಗಿ ಹಾಕಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ಇದಕ್ಕೆ ಕೆಲವು ವಾರ ಹೆಚ್ಚು ಹಿಡಿಯಿತು. ಪೊಲೀಸ್ ಪರಿಶೀಲನೆ ಮುಗಿದು ಸ್ಪೀಡ್ ಪೋಸ್ಟ್‌ನಲ್ಲಿ ಪುಸ್ತಕ ಬಂತು. ಹತ್ತು ವರ್ಷಕ್ಕೆ ಚಿಂತೆ ಇಲ್ಲ.

ಯಾವ ದೇಶ, ಯಾವ ವಾರ

ಹೆಚ್ಚಿನವರು ದೇಶ ಆರಿಸಿ ಆಮೇಲೆ ರಜೆ ಹುಡುಕುತ್ತಾರೆ. ಅವಳು ರಜೆಯಿಂದ ಶುರು ಮಾಡಿದಳು. ಸೊಸೈಟಿಯಲ್ಲಿ ಮಾರ್ಚ್ 31 ಅಂದರೆ ಉಸಿರಾಡಲೂ ಪುರಸೊತ್ತಿಲ್ಲ. ಬೆಳೆಸಾಲದ ಮರುಪಾವತಿ, ನವೀಕರಣ, ವರ್ಷದ ಲೆಕ್ಕ, ಎಲ್ಲ ಒಟ್ಟಿಗೆ ಬರುತ್ತದೆ. ಅದಾದ ಮೇಲೆ ಏಪ್ರಿಲ್ ಎರಡನೇ ವಾರ. 2025ರ ಕ್ಯಾಲೆಂಡರ್ ತೆಗೆದು ನೋಡಿದರೆ 10ನೇ ತಾರೀಖು ಗುರುವಾರ ಮಹಾವೀರ ಜಯಂತಿ, 12 ಎರಡನೇ ಶನಿವಾರ, 14 ಅಂಬೇಡ್ಕರ್ ಜಯಂತಿ, 18 ಗುಡ್ ಫ್ರೈಡೇ. ಐದು ದಿನ ರಜೆ ಹಾಕಿದರೆ ಗುರುವಾರದಿಂದ ಮುಂದಿನ ವಾರದ ಭಾನುವಾರದವರೆಗೆ ಹನ್ನೊಂದು ದಿನ ಕೈಗೆ ಸಿಗುತ್ತದೆ. ಸಂಬಳದ ಕೆಲಸದವರಿಗೆ ಇದೂ ದುಡ್ಡೇ ತಾನೆ?

ದೇಶದ ಪಟ್ಟಿಯಲ್ಲಿ ನಾಲ್ಕಿದ್ದವು: ನೇಪಾಳ, ಶ್ರೀಲಂಕಾ, ಥಾಯ್ಲೆಂಡ್, ವಿಯೆಟ್ನಾಂ. ನೇಪಾಳಕ್ಕೆ ನಮಗೆ ಪಾಸ್‌ಪೋರ್ಟೂ ಬೇಡ, ಮತದಾರರ ಚೀಟಿ ಸಾಕು. ಅವಳಿಗೆ ಹೊಸ ಪಾಸ್‌ಪೋರ್ಟಿನ ಮೊದಲ ಪುಟದಲ್ಲಿ ಮುದ್ರೆ ಬೇಕಿತ್ತು. ಅದು ಅವಳ ಆಸೆ, ಅದಕ್ಕೆ ಬೆಲೆ ಕೊಡಲೇಬೇಕು. ಥಾಯ್ಲೆಂಡ್‌ಗೆ ಆಗ ವೀಸಾ ಬೇಕಿರಲಿಲ್ಲ, ಬೆಂಗಳೂರಿನಿಂದ ನೇರ ವಿಮಾನವೂ ಇತ್ತು. ಆದರೆ ಏಪ್ರಿಲ್ 13ರಿಂದ 15 ಅಲ್ಲಿ ಸೊಂಗ್‌ಕ್ರಾನ್, ಅವರ ಹೊಸ ವರ್ಷದ ಹಬ್ಬ. ಬೀದಿ ತುಂಬ ನೀರಾಟ, ಬಸ್ಸು ರೈಲು ಭರ್ತಿ, ರೂಮಿನ ದರ ಮೇಲೆ. ಶ್ರೀಲಂಕಾದಲ್ಲೂ ಅದೇ 13, 14ಕ್ಕೆ ಹೊಸ ವರ್ಷ. ಅಂಗಡಿ ಮುಚ್ಚಿ ಎಲ್ಲರೂ ಊರಿಗೆ ಹೋಗುವ ದಿನಗಳು. ನಮ್ಮ ಸೌರಮಾನ ಯುಗಾದಿಯ ಹೊತ್ತಿಗೇ ಈ ದೇಶಗಳಲ್ಲಿ ಹೊಸ ವರ್ಷ ಬರುತ್ತದೆ ಎಂಬುದು ಮೊದಲ ಸಲ ಹೋಗುವವರಿಗೆ ಹೊಳೆಯುವುದೇ ಇಲ್ಲ. ಹಬ್ಬ ನೋಡಲೆಂದೇ ಹೋಗುವುದಾದರೆ ಮಾತು ಬೇರೆ.

ವಿಯೆಟ್ನಾಂನಲ್ಲಿ ಹೊಸ ವರ್ಷ ಚಾಂದ್ರಮಾನದ್ದು. ಆ ವರ್ಷದ ತೆತ್ ಹಬ್ಬ ಜನವರಿ 29ಕ್ಕೇ ಆಗಿಹೋಗಿತ್ತು. ತಪ್ಪಿಸಬೇಕಾಗಿದ್ದ ದಿನ ಏಪ್ರಿಲ್ 30. ಅಲ್ಲಿ ಯುದ್ಧ ಮುಗಿದಿದ್ದು 1975ರ ಏಪ್ರಿಲ್ 30ಕ್ಕೆ. 2025ರಲ್ಲಿ ಅದಕ್ಕೆ ಐವತ್ತು ವರ್ಷ, ಮಾರನೇ ದಿನ ಕಾರ್ಮಿಕರ ದಿನದ ರಜೆ ಬೇರೆ. ಅವಳು 19ಕ್ಕೆ ಹೊರಟುಬಿಡುವುದರಿಂದ ಆ ಜಂಗುಳಿ ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಉತ್ತರ ವಿಯೆಟ್ನಾಂ ಚಳಿ ಬಿಟ್ಟು ಹದವಾಗಿರುತ್ತದೆ, ಕಡು ಬೇಸಿಗೆ ಇನ್ನೂ ಬಂದಿರುವುದಿಲ್ಲ. ದಸರೆ ರಜೆಯಲ್ಲಿ ಹೋಗೋಣ ಅಂದುಕೊಂಡಿದ್ದರೆ ಮಧ್ಯ ವಿಯೆಟ್ನಾಂನಲ್ಲಿ ಮಳೆ, ನೆರೆಯ ಕಾಲ. ಹೀಗೆ ವಿಯೆಟ್ನಾಂ ಗೊತ್ತಾಯಿತು.

ಅವಳ ಮೊದಲ ಪಟ್ಟಿಯಲ್ಲಿ ಹನೋಯ್, ಸಪಾ, ಹಾಲಾಂಗ್, ಹ್ವೆ, ಹೊಯ್‌ ಆನ್, ಹೊ ಚಿ ಮಿನ್ ನಗರ ಎಲ್ಲ ಇದ್ದವು. ಹನೋಯ್‌ನಿಂದ ಹೊ ಚಿ ಮಿನ್ ನಗರಕ್ಕೆ ರೈಲು ದಾರಿಯೇ 1,726 ಕಿಲೋಮೀಟರ್. ಏಳು ರಾತ್ರಿಗೆ ಆರು ಊರು ಅಂದರೆ ದಿನಾ ಚೀಲ ಕಟ್ಟುವುದೇ ಕೆಲಸ. ಪ್ರತಿ ಊರು ಬದಲಿಸಿದಾಗಲೂ ಟಿಕೆಟ್, ಟ್ಯಾಕ್ಸಿ, ದಾರಿ ತಪ್ಪುವ ಸಾಧ್ಯತೆ, ಎಲ್ಲ ಹೊಸದಾಗಿ ಶುರು. ಕೊನೆಗೆ ಎರಡೇ ಉಳಿದವು: ಹನೋಯ್ ಮತ್ತು ಅಲ್ಲಿಂದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ ದೂರದ ನಿನ್ ಬಿನ್. ಜೊತೆಗೆ ಹಾಲಾಂಗ್ ಕೊಲ್ಲಿಗೆ ಒಂದು ದಿನ. ಊರು ಕಡಿಮೆ ಮಾಡಿದ್ದರಿಂದ ಉಳಿದಷ್ಟು ದುಡ್ಡು ಬೇರೆ ಯಾವುದರಿಂದಲೂ ಉಳಿಯಲಿಲ್ಲ.

ಅಗ್ಗದ ಟಿಕೆಟ್ಟಿನ ಲೆಕ್ಕ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ ಭಾಗ. ಜನವರಿಯಲ್ಲಿ ಅವಳ ಮುಂದೆ ಎರಡು ಟಿಕೆಟ್ ಇದ್ದವು. ಒಂದು ₹19,600. ಇನ್ನೊಂದು ₹23,400. ಎರಡಕ್ಕೂ ಕೌಲಾಲಂಪುರದಲ್ಲಿ ವಿಮಾನ ಬದಲಿಸಬೇಕು. ಕಣ್ಣಿಗೆ ಕಾಣುವ ವ್ಯತ್ಯಾಸ ₹3,800. ದಿನಕ್ಕೆ ನೂರರಂತೆ ಕೂಡಿಟ್ಟವಳಿಗೆ ಅದು ಮೂವತ್ತೆಂಟು ದಿನದ ಪಿಗ್ಮಿ.

ಅಗ್ಗದ್ದು ನಿಜವಾಗಿ ಎರಡು ಬೇರೆ ಬೇರೆ ಟಿಕೆಟ್. ಮಧ್ಯದಲ್ಲಿ ಮಲೇಷ್ಯಾದ ಇಮಿಗ್ರೇಶನ್ ದಾಟಿ ಹೊರಗೆ ಬಂದು, ಮತ್ತೆ ಚೆಕ್‌ಇನ್ ಮಾಡಿ ಒಳಗೆ ಹೋಗಬೇಕು. ಭಾರತೀಯರಿಗೆ ಅಲ್ಲಿ ಪ್ರವಾಸಕ್ಕೆ ವೀಸಾ ಬೇಡ ನಿಜ, ಆದರೂ ಡಿಜಿಟಲ್ ಆಗಮನ ಕಾರ್ಡ್ ತುಂಬಿರಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ, ಹೊಸ ಟಿಕೆಟ್ ನಾವೇ ಕೊಳ್ಳಬೇಕು. ಅದಕ್ಕಿಂತ ದೊಡ್ಡ ವಿಷಯ, ಆ ವಿಮಾನ ಹನೋಯ್‌ನಲ್ಲಿ ಇಳಿಯುತ್ತಿದ್ದುದು ನಡುರಾತ್ರಿ ಒಂದು ಗಂಟೆ ದಾಟಿದ ಮೇಲೆ.

ನಾವು ಕೂತು ಬರೆದೆವು. ನಡುರಾತ್ರಿ ನಗರಕ್ಕೆ ಹೋಗುವ 86ನೇ ನಂಬರ್ ಬಸ್ ಇರುವುದಿಲ್ಲ. ಟ್ಯಾಕ್ಸಿಗೆ ಬಸ್ಸಿಗಿಂತ ₹950 ಜಾಸ್ತಿ. ಆ ಅರ್ಧ ರಾತ್ರಿಗೂ ರೂಮಿನ ಬಾಡಿಗೆ ಪೂರ್ತಿ, ₹1,700. ಒಟ್ಟು ₹2,650. ಹಾಗಾದರೆ ನಿಜವಾದ ವ್ಯತ್ಯಾಸ ₹1,150 ಮಾತ್ರ. ಅಷ್ಟಕ್ಕೆ ಸಿಗುವುದು ಒಂದೇ ಟಿಕೆಟ್, ವಿಮಾನ ತಪ್ಪಿದರೆ ಕಂಪನಿಯೇ ಮುಂದಿನದಕ್ಕೆ ಹತ್ತಿಸುವ ಹೊಣೆ, ಮತ್ತು ಶನಿವಾರ ಹಗಲು ಬೆಳಕಿನಲ್ಲಿ ಇಳಿಯುವುದು. ಅವಳು ಹೆಚ್ಚು ಹೊತ್ತು ಯೋಚಿಸಲಿಲ್ಲ. ಲೆಕ್ಕದವಳಿಗೆ ಲೆಕ್ಕ ತೋರಿಸಿದರೆ ಸಾಕು.

ಬೆಂಗಳೂರಿಗೆ ಹೋಗುವುದು ಹೇಗೆ ಎಂಬ ಮಾತೂ ಬಂತು. ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಶುರುವಾದ ಮೇಲೆ ಶಿವಮೊಗ್ಗದಿಂದಲೇ ಹಾರಬಹುದಲ್ಲ ಎಂದು ಮನೆಯವರ ಆಸೆ. ಅದಕ್ಕೂ ಬೇರೆ ಟಿಕೆಟ್, ಅದರಲ್ಲೂ ತಡವಾದರೆ ಅದೇ ಕಥೆ. ಸಾಗರ ಜಂಬಗಾರು ಸ್ಟೇಷನ್ನಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವ ಬೆಂಗಳೂರು. ವಿಮಾನ ಇದ್ದಿದ್ದು ಆ ದಿನ ರಾತ್ರಿ. ಮಧ್ಯೆ ಒಂದು ಇಡೀ ಹಗಲು. ರೈಲು ಎಷ್ಟು ತಡವಾದರೂ ಭಯವಿಲ್ಲ, ಹಗಲು ನೆಂಟರ ಮನೆಯಲ್ಲಿ ಊಟ ನಿದ್ದೆ. ಹೋಗಿ ಬರಲು, ವಿಮಾನ ನಿಲ್ದಾಣದ ವಾಯುವಜ್ರ ಬಸ್ಸೂ ಸೇರಿ ₹1,600 ಇಟ್ಟಳು.

ಮನೆಯವರು ಕೇಳಿದ್ದು

ಅಮ್ಮ ಕೇಳಿದ್ದು ಒಂದೇ ಮಾತು. "ಅಲ್ಲಿ ಎಂತ ತಿಂತಿ ಕೂಸೆ?" ಅಪ್ಪ ಬಹಳ ದಿನ ಏನೂ ಹೇಳಲಿಲ್ಲ. ಬೆಂಗಳೂರಿನ ಮಾವ ಫೋನ್ ಮಾಡಿ, ಹೋಗೋದಾದರೆ ಪ್ಯಾಕೇಜಿನಲ್ಲಿ ಹೋಗು, ಗುಂಪು ಇರುತ್ತೆ ಎಂದರು. ಮಾವನ ಮಾತಿನಲ್ಲಿ ಪ್ರೀತಿಯೇ ಇತ್ತು. ಪ್ಯಾಕೇಜು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅವರು ಹೇಳಿದ ಪ್ಯಾಕೇಜಿಗೆ ಅವಳ ಪಿಗ್ಮಿ ಸಾಲುತ್ತಿರಲಿಲ್ಲ. ವಿದೇಶಿ ಪ್ಯಾಕೇಜಿಗೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ಸ್ ಹಾಕಿದಾಗ ಅದು ವಾಪಸ್ ಬರುತ್ತದೆ ನಿಜ, ಆದರೆ ಹೊರಡುವಾಗ ಕೈಯಿಂದ ಹೋಗಿರುತ್ತದೆ. ಮುಖ್ಯವಾಗಿ, ಅವಳಿಗೆ ಬೇಕಿದ್ದು ಒಬ್ಬಳೇ ಹೋಗುವುದು.

ಮನೆಯವರನ್ನು ಒಪ್ಪಿಸಲು ವಾದ ಮಾಡಬೇಡ, ಕಾಗದ ತೋರಿಸು ಎಂದೆ. ಅವಳು ಸೊಸೈಟಿಯ ಉದ್ದ ಗೆರೆ ಪುಸ್ತಕದಲ್ಲಿ ದಿನಕ್ಕೊಂದು ಪುಟದಂತೆ ಬರೆದಳು. ಮೊದಲ ದಿನದ ಪುಟ ಎಲ್ಲಕ್ಕಿಂತ ಉದ್ದ. ಇಳಿದ ಮೇಲೆ ಯಾವ ಸಾಲು, ಸಿಮ್ ಎಲ್ಲಿ, ಎಷ್ಟು ಡಾಲರ್ ಬದಲಿಸುವುದು (ಐವತ್ತು ಮಾತ್ರ, ಉಳಿದದ್ದು ಊರೊಳಗೆ), 86ನೇ ಬಸ್ ನಿಲ್ಲುವ ಜಾಗ, ಇಳಿಯುವ ನಿಲ್ದಾಣ, ಅಲ್ಲಿಂದ ಎಷ್ಟು ಹೆಜ್ಜೆ. ಹೋಟೆಲಿನ ವಿಳಾಸ ವಿಯೆಟ್ನಾಂ ಲಿಪಿಯಲ್ಲೇ ದೊಡ್ಡದಾಗಿ ಮುದ್ರಿಸಿದ್ದು. ಬಸ್ ಸಿಗದಿದ್ದರೆ ಯಾವ ಆ್ಯಪ್ ಟ್ಯಾಕ್ಸಿ. ರಾತ್ರಿ ಊಟಕ್ಕೆ ನಡೆದು ಹೋಗುವಷ್ಟು ಹತ್ತಿರದ ಸಸ್ಯಾಹಾರಿ ಹೋಟೆಲ್. ಅಲ್ಲಿ ನಮಗಿಂತ ಒಂದೂವರೆ ಗಂಟೆ ಮುಂದೆ, ಹಾಗಾಗಿ ದಿನಾ ನಮ್ಮ ಸಂಜೆ ಏಳಕ್ಕೆ ಮನೆಗೆ ಮೆಸೇಜ್. ತುರ್ತಿಗೆ ಪೊಲೀಸ್ 113, ಆಂಬುಲೆನ್ಸ್ 115, ಹನೋಯ್‌ನ ಭಾರತೀಯ ರಾಯಭಾರ ಕಚೇರಿಯ ನಂಬರು. ಇದರ ಇನ್ನೊಂದು ಪ್ರತಿ ಅಡುಗೆ ಮನೆಯ ಗೋಡೆಗೆ ಅಂಟಿತು.

ಆ ಪುಟ ನೋಡಿದ ಮೇಲೆ ಅಪ್ಪ ಕೇಳಿದ ಪ್ರಶ್ನೆ ಅಡಿಕೆಯದು. ಅಲ್ಲಿ ಬೆಳೀತಾರಾ? ಬೆಳೆಯುತ್ತಾರೆ. ವಿಯೆಟ್ನಾಂನ ಮದುವೆಯಲ್ಲಿ ಗಂಡಿನ ಕಡೆಯವರು ವೀಳ್ಯದೆಲೆ, ಅಡಿಕೆ ತೆಗೆದುಕೊಂಡು ಹೋಗುವ ಪದ್ಧತಿ ಇವತ್ತಿಗೂ ಇದೆ. ಅವಳು ಅದರ ಫೋಟೋ ತೋರಿಸಿದಳು. ಅಪ್ಪ ಗೊನೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರಂತೆ. ಆಮೇಲೆ ಆ ಮನೆಯಲ್ಲಿ ಪ್ರವಾಸದ ಮಾತು ಸಲೀಸಾಯಿತು.

ಫೆಬ್ರವರಿಯಲ್ಲಿ ಒಂದು ತಾಲೀಮು ಮಾಡಿಸಿದೆವು. ಕನ್ನಡ ನಡೆಯದ ಊರಿಗೆ, ಗೊತ್ತಿಲ್ಲದ ಜನ ಮಲಗುವ ಹಾಸ್ಟೆಲಿಗೆ, ಒಬ್ಬಳೇ ಹೋಗಿ ಎರಡು ರಾತ್ರಿ ಇದ್ದು ಬರುವುದು. ಹೊನ್ನಾವರದಿಂದ ಕೊಂಕಣ ರೈಲು ಹಿಡಿದು ಫೋರ್ಟ್ ಕೊಚ್ಚಿಗೆ ಹೋದಳು. ₹4,500 ಖರ್ಚು. ಕೆಲವರಿಗೆ ಇದು ದಂಡ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಹಂಚಿಕೊಂಡ ರೂಮಿನಲ್ಲಿ ಮೊದಲ ರಾತ್ರಿ ನಿದ್ದೆ ಬರುವುದಿಲ್ಲ ಎಂಬುದು ಅವಳಿಗೆ ಅಲ್ಲಿ ಗೊತ್ತಾಯಿತು. ಹನೋಯ್‌ನ ಮೊದಲ ಎರಡು ರಾತ್ರಿ ಸ್ವಂತ ರೂಮು, ಕೊನೆಯ ಎರಡು ರಾತ್ರಿ ಹೆಂಗಸರ ಹಾಸ್ಟೆಲ್ ಎಂದು ಯೋಜನೆ ಬದಲಾಗಿದ್ದು ಕೊಚ್ಚಿಯಿಂದಾಗಿ.

ವೀಸಾ, ಕಾರ್ಡು, ಚೀಲ

ವಿಯೆಟ್ನಾಂನ ಇ-ವೀಸಾಕ್ಕೆ ಒಂದು ಸಲದ ಪ್ರವೇಶಕ್ಕೆ 25 ಡಾಲರ್. 2023ರ ಆಗಸ್ಟ್‌ನಿಂದ ಅದು 90 ದಿನದವರೆಗೆ ಸಿಗುತ್ತಿದೆ. ಸರ್ಕಾರದ ವೆಬ್‌ಸೈಟ್‌ನಲ್ಲಿ ನಾವೇ ತುಂಬಬಹುದು. ಹುಡುಕಿದರೆ ಅದೇ ತರಹ ಕಾಣುವ ಬೇರೆ ಸೈಟುಗಳು ಮೊದಲು ಬರುತ್ತವೆ, ಅವು ಎರಡು ಮೂರು ಪಟ್ಟು ಕೇಳುತ್ತವೆ. ವಿಳಾಸದ ಕೊನೆಯಲ್ಲಿ ವಿಯೆಟ್ನಾಂ ಸರ್ಕಾರದ ಗುರುತು (.gov.vn) ಇದೆಯಾ ಎಂದು ನೋಡಿಕೊಳ್ಳಬೇಕು. ಕಟ್ಟಿದ ದುಡ್ಡು ಯಾವ ಕಾರಣಕ್ಕೂ ವಾಪಸ್ ಬರುವುದಿಲ್ಲ.

ಅವಳ ಹಳ್ಳಿಯಲ್ಲಿ ನೆಟ್‌ವರ್ಕ್ ಹೇಗೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಮನೆಯಲ್ಲಿ ಫೋಟೋ ಹಾಕುವಷ್ಟರಲ್ಲಿ ಪುಟ ಸತ್ತುಹೋಗುತ್ತಿತ್ತು. ಕೊನೆಗೆ ಸಾಗರ ಪೇಟೆಗೆ ಬಂದು ಮುಗಿಸಿದಳು. ಎರಡು ದಿನಕ್ಕೆ ಅರ್ಜಿ ತಿದ್ದುಪಡಿಗೆ ವಾಪಸ್ ಬಂತು. ಕಾರಣ ಕನ್ನಡಕ. ವಿಯೆಟ್ನಾಂ ವೀಸಾದ ಫೋಟೋದಲ್ಲಿ ಕನ್ನಡಕ ಹಾಕಿರಬಾರದು. ತೆಗೆದು ಹೊಸ ಫೋಟೋ ಹಾಕಿದ ಮೇಲೆ ಬಂತು. ಮಾರ್ಚ್ ಮಧ್ಯದಲ್ಲೇ ಅರ್ಜಿ ಹಾಕಿದ್ದರಿಂದ ಈ ತಿದ್ದುಪಡಿಗೆ ಸಮಯವಿತ್ತು. ಏಪ್ರಿಲ್ ಮೊದಲ ವಾರಕ್ಕೆ ಇಟ್ಟುಕೊಂಡಿದ್ದರೆ ಕಷ್ಟವಾಗುತ್ತಿತ್ತು.

ದುಡ್ಡಿನ ವಿಷಯದಲ್ಲಿ ನಮ್ಮೂರಿನ ಅಭ್ಯಾಸ ಅಪಾಯದ್ದು. ತರಕಾರಿಯಿಂದ ಪೆಟ್ರೋಲಿನವರೆಗೆ ಎಲ್ಲ ಫೋನಿನಲ್ಲೇ. ಯುಪಿಐ ನಂಬಿಕೊಂಡು ವಿಯೆಟ್ನಾಂಗೆ ಹೋಗುವ ಹಾಗಿಲ್ಲ. ಅವಳ ಹತ್ತಿರ ಇದ್ದ ರುಪೇ ಕಾರ್ಡು ದೇಶದೊಳಗಿನ ಬಳಕೆಯದು. ಇನ್ನೊಂದು ಬ್ಯಾಂಕಿನಿಂದ ಹೊರದೇಶದಲ್ಲೂ ನಡೆಯುವ, ವೀಸಾ ಕಂಪನಿಯ ಡೆಬಿಟ್ ಕಾರ್ಡು ಮಾಡಿಸಿದಳು. ಅದರ ಜೊತೆ 300 ಡಾಲರ್ ನೋಟು, ಮಡಿಕೆ ಇಲ್ಲದ ಹೊಸವು. ಎರಡೂ ಬೇರೆ ಬೇರೆ ಜಾಗದಲ್ಲಿ. ಊರಿನ ಸಿಮ್ ತೆಗೆದಿಡಲಿಲ್ಲ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ರೋಮಿಂಗ್ ಹಾಕಿಸಿ ಅದನ್ನು ಎಸ್‌ಎಂಎಸ್‌ಗೆ ಮಾತ್ರ ಇಟ್ಟು, ಇಂಟರ್ನೆಟ್‌ಗೆ ಅಲ್ಲಿನ ಸಿಮ್.

ವಿಮೆ ₹900. ಅದರ ಜೊತೆಗೇ ಒಂದು ಎಚ್ಚರಿಕೆ. ಅವಳು ದಿನಾ ಸ್ಕೂಟಿ ಓಡಿಸುವವಳು, ಅಲ್ಲೂ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ ಅಂದಳು. ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಲೈಸೆನ್ಸ್ 1949ರ ಒಪ್ಪಂದದ ಪ್ರಕಾರದ್ದು. ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದನ್ನು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀಲಿ ಕೊಡುತ್ತಾರೆ. ಬಿದ್ದರೆ ಲೈಸೆನ್ಸ್ ಇಲ್ಲದೆ ಓಡಿಸಿದಿರಿ ಎಂದು ವಿಮೆಯವರು ಕೈ ಎತ್ತುತ್ತಾರೆ. ಸ್ಕೂಟರ್ ಬಿಟ್ಟು ಸೈಕಲ್ ಎಂದು ಬರೆದುಕೊಂಡಳು.

ಟಿಕೆಟ್ಟಿನಲ್ಲಿ ಕೈಚೀಲ ಏಳು ಕಿಲೋ ಮಾತ್ರ. ಸೊಸೈಟಿಯಲ್ಲಿ ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟಾಗ 9 ಕಿಲೋ 200 ಗ್ರಾಂ ತೋರಿಸಿತು. ಬಿಚ್ಚಿದರೆ ಅರ್ಧ ಅಮ್ಮನ ಅಡುಗೆ ಮನೆ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ, ತೊಡೆದೇವು, ಚಟ್ನಿಪುಡಿ, ಅವಲಕ್ಕಿ, ಹಲಸಿನ ಹಪ್ಪಳ. ಎಣ್ಣೆ, ರಸ ಇರುವ ಉಪ್ಪಿನಕಾಯಿ ಕೈಚೀಲದಲ್ಲಿ ತಪಾಸಣೆಯವರ ಕೈಗೆ ಸಿಕ್ಕರೆ ಕಷ್ಟ, ಅಲ್ಲೇ ಬಿಡಬೇಕಾಗಬಹುದು. ಅದು ಹೊರಗೆ ಬಂತು. ಹಪ್ಪಳ ಸುಡಲು ಅಲ್ಲಿ ಕೆಂಡ ಎಲ್ಲಿ? ಅದೂ ಬಂತು. ಚಟ್ನಿಪುಡಿ, ಅವಲಕ್ಕಿ, ಸ್ವಲ್ಪ ತೊಡೆದೇವು ಉಳಿದವು. ಎರಡನೇ ಜೊತೆ ಚಪ್ಪಲಿ ತೆಗೆದ ಮೇಲೆ 6 ಕಿಲೋ 800 ಗ್ರಾಂಗೆ ನಿಂತಿತು.

ಪುಸ್ತಕದಲ್ಲಿ ಬರೆದ ಅಂಕಿ ಹೀಗಿತ್ತು. ಟಿಕೆಟ್ 23,400, ಬೆಂಗಳೂರಿಗೆ ಹೋಗಿ ಬರಲು 1,600, ಕಾರ್ಡಿನ ಶುಲ್ಕ ಸೇರಿ ವೀಸಾ 2,300, ವಿಮೆ 900. ಏಳು ರಾತ್ರಿಯ ವಾಸ 8,300. ಊಟ ದಿನಕ್ಕೆ 800ರಂತೆ ಎಂಟು ದಿನಕ್ಕೆ 6,400. ಅಲ್ಲಿನ ಓಡಾಟ 3,000, ದೋಣಿ, ಪ್ರವೇಶ ಶುಲ್ಕ, ಹಾಲಾಂಗ್ ಸೇರಿ 6,500, ಸಿಮ್ಮು ಮತ್ತು ರೋಮಿಂಗ್ 1,600. ಒಟ್ಟು ₹54,000. ಇದರ ಮೇಲೆ ₹12,000 ಮುಟ್ಟದ ದುಡ್ಡು. ಆ ಅಂಕಿ ಸುಮ್ಮನೆ ಬಂದಿದ್ದಲ್ಲ. ಯಾವ ದಿನ ಬೇಕಾದರೂ ಮನೆಗೆ ಬರಬೇಕು ಅನ್ನಿಸಿದರೆ ಒಂದು ಕಡೆಯ ಟಿಕೆಟ್ಟಿಗೆ ಎಷ್ಟಾಗುತ್ತದೋ ಅಷ್ಟು. ಪಾಸ್‌ಪೋರ್ಟ್, ಕೊಚ್ಚಿ ಎರಡನ್ನೂ ಸೇರಿಸಿದರೆ ₹72,000. ಪಿಗ್ಮಿಯೊಳಗೆ ಕೂತಿತು.

ಅಲ್ಲಿ ಏನಾಯಿತು

ಮೊದಲ ದಿನದ ಪುಟ ಹೆಚ್ಚುಕಡಿಮೆ ಬರೆದ ಹಾಗೇ ನಡೆಯಿತು. ಶನಿವಾರ ಸಂಜೆ ಹನೋಯ್‌ನ ಹೊಆನ್ ಕಿಯೆಮ್ ಕೆರೆಯ ಸುತ್ತಲಿನ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ, ಬರೀ ನಡೆಯುವವರು. ಮಕ್ಕಳು, ಅಜ್ಜಿಯರು, ಹಾಡುವವರು. ಹೊಸ ಊರಿನಲ್ಲಿ ಮೊದಲ ಸಂಜೆ ಹೀಗಿರಲಿ ಅಂತಲೇ ಶನಿವಾರದ ಇಳಿತ ಆರಿಸಿದ್ದು. ಮಾರನೇ ದಿನ ಬೆಳಗ್ಗೆ ಸ್ಕೂಟರ್ ಪ್ರವಾಹ ನೋಡಿ ರಸ್ತೆ ದಾಟಲು ಬಹಳ ಹೊತ್ತು ನಿಂತಳಂತೆ. ಓಡಬಾರದು, ನಿಲ್ಲಬಾರದು, ಒಂದೇ ಹದದಲ್ಲಿ ನಡೆಯುತ್ತಿರಬೇಕು. ಅವರೇ ಸುತ್ತಿ ಹೋಗುತ್ತಾರೆ.

ಅಮ್ಮನ ಪ್ರಶ್ನೆಗೆ ಉತ್ತರವೂ ಶನಿವಾರ ಸಂಜೆಯೇ ಸಿಕ್ಕಿತ್ತು. ಅವತ್ತು ಹುಣ್ಣಿಮೆ. ವಿಯೆಟ್ನಾಂನ ಬೌದ್ಧರಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಮಾಂಸ ಬಿಡುವವರು ಬಹಳ. "ಚಾಯ್" ಎಂದು ಬೋರ್ಡು ಹಾಕಿದ ಹೋಟೆಲ್‌ಗಳು ಸಸ್ಯಾಹಾರದವು, ಆ ದಿನ ಅವು ತುಂಬಿರುತ್ತವೆ. ಅನ್ನ, ತೋಫು, ಬಾಳೆ ಹೂವಿನ ಪಲ್ಯ ತಟ್ಟೆಗೆ ಬಂತು. ಉಳಿದ ದಿನ ಎಚ್ಚರ ಬೇಕು. ಬರೀ ತರಕಾರಿ ಎಂದು ಕೊಟ್ಟಿದ್ದಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ಫೋನಿನಲ್ಲಿ ಅವರ ಭಾಷೆಯಲ್ಲಿ ಎರಡು ಸಾಲು ಬರೆಸಿಟ್ಟುಕೊಂಡು ಪ್ರತಿ ಸಲವೂ ತೋರಿಸಿದಳು.

ಯೋಜನೆ ಅಲುಗಾಡಿದ್ದು ಭಾನುವಾರ, ಎಟಿಎಂ ಮುಂದೆ. ಕಾರ್ಡು ಹಾಕಿದರೆ ದುಡ್ಡು ಬರಲಿಲ್ಲ. ಇನ್ನೊಂದು ಎಟಿಎಂನಲ್ಲೂ ಅದೇ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿರುತ್ತದೆ, ನಾವೇ ತೆರೆಯಬೇಕು. ಅವಳು ತೆರೆದಿದ್ದಳು. ಆದರೆ ಆ್ಯಪ್‌ನಲ್ಲಿ ಅಂಗಡಿಗೆ ಒಂದು, ಆನ್‌ಲೈನ್‌ಗೆ ಒಂದು, ಎಟಿಎಂಗೆ ಒಂದು ಬೇರೆ ಬೇರೆ ಗುಂಡಿ. ಎಟಿಎಂನದ್ದು ಮಾತ್ರ ಆರಿತ್ತು. ಅದನ್ನು ತೆರೆಯಲು ಒಟಿಪಿ ಬೇಕು, ಊರಿನ ಸಿಮ್ ಫೋನಿನಲ್ಲೇ ಇದ್ದಿದ್ದರಿಂದ ಒಟಿಪಿ ಬಂತು. ಬರದಿದ್ದರೂ ಚೀಲದಲ್ಲಿ ಡಾಲರ್ ಇತ್ತು. ಎಟಿಎಂ ಪರದೆ "ರೂಪಾಯಿ ಲೆಕ್ಕದಲ್ಲಿ ಹಿಡಿಯಲಾ" ಎಂದು ಕೇಳಿದರೆ ಬೇಡ ಅನ್ನಬೇಕು, ಆ ದರ ಯಾವಾಗಲೂ ದುಬಾರಿ.

ಅಲ್ಲಿನ ದುಡ್ಡು ಡಾಂಗ್. ಅದರ ನೋಟಿನಲ್ಲೂ ಒಂದು ಮೋಸ ಹೋಗುವ ಜಾಗವಿದೆ. 20,000 ಡಾಂಗ್‌ನ ನೋಟೂ ನೀಲಿ, 5 ಲಕ್ಷ ಡಾಂಗ್‌ನ ನೋಟೂ ನೀಲಿ. ಆಗಿನ ದರದಲ್ಲಿ ಒಂದು ಸುಮಾರು ₹65, ಇನ್ನೊಂದು ₹1,650ರ ಹತ್ತಿರ. ಕತ್ತಲಲ್ಲಿ ಅವಸರದಲ್ಲಿ ಕೊಟ್ಟರೆ ಮುಗಿಯಿತು. ಅವಳು 5 ಲಕ್ಷದ ನೋಟುಗಳನ್ನು ಪಾಸ್‌ಪೋರ್ಟಿನ ಜೊತೆ ಬೇರೆ ಇಟ್ಟಳು. ಬೆಲೆ ಲೆಕ್ಕಕ್ಕೆ ಮೂರು ಸೊನ್ನೆ ತೆಗೆದು ಮೂರರಿಂದ ಗುಣಿಸಿ ಸ್ವಲ್ಪ ಸೇರಿಸುವುದು. 50,000 ಅಂದರೆ 150ರ ಮೇಲೆ ಚೂರು.

ನಿನ್ ಬಿನ್‌ನ ಮೂರು ರಾತ್ರಿಗಳ ಬಗ್ಗೆ ಅವಳು ಇನ್ನೂ ಮಾತಾಡುತ್ತಾಳೆ. ಸುಣ್ಣದ ಕಲ್ಲಿನ ಗುಡ್ಡಗಳ ಮಧ್ಯೆ ಗದ್ದೆ, ಗದ್ದೆಯ ಮಧ್ಯೆ ಹೊಳೆ. ತಾಮ್ ಕೊಕ್‌ನಲ್ಲಿ ದೋಣಿಯವರು ಒರಗಿ ಕೂತು ಪಾದದಲ್ಲಿ ಹುಟ್ಟು ಹಾಕುತ್ತಾರೆ. ಹತ್ತಿರದ ಚಾಂಗ್ ಆನ್ 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಜಾಗ. ಬಾಡಿಗೆ ಸೈಕಲ್‌ನಲ್ಲಿ ಗದ್ದೆ ಬದುವಿನ ರಸ್ತೆ ಹಿಡಿದು ಸುತ್ತಿದಳು. ಹೋಂಸ್ಟೇ ಮನೆಯಾಕೆಗೆ ತೊಡೆದೇವು ಕೊಟ್ಟಳಂತೆ. ಕಾಗದದಷ್ಟು ತೆಳ್ಳಗಿನದನ್ನು ಹೇಗೆ ಮಾಡುತ್ತಾರೆಂದು ಮಡಕೆ, ಬೆಂಕಿ, ಹಿಟ್ಟು ಎಲ್ಲ ಕೈಸನ್ನೆಯಲ್ಲೇ ವಿವರಿಸಿದ್ದು ಆಯಿತು.

ವಾಪಸ್ ಬಂದ ಮೇಲೆ ಲೆಕ್ಕ ಮುಗಿಸಿದಾಗ ₹54,000ದ ಜಾಗದಲ್ಲಿ ₹57,500 ಆಗಿತ್ತು. ಹೋಂಸ್ಟೇನಲ್ಲಿ ಬೆಳಗಿನ ತಿಂಡಿ ಸೇರಿದ್ದರಿಂದ ಊಟದಲ್ಲಿ 1,500 ಉಳಿಯಿತು. ಟ್ಯಾಕ್ಸಿಗೆ 1,200, ಎರಡೂ ಕಡೆ ದೋಣಿ ಹತ್ತಿದ್ದಕ್ಕೆ 600, ಎಟಿಎಂ ಶುಲ್ಕಕ್ಕೆ 500 ಜಾಸ್ತಿಯಾಯಿತು. ಉಳಿದ 2,700 ಉಡುಗೊರೆಗೆ. ಆ ಸಾಲು ಪುಸ್ತಕದಲ್ಲಿ ಇರಲೇ ಇಲ್ಲ. ನಮ್ಮ ಕಡೆಯವರು ವಿದೇಶಕ್ಕೆ ಹೋಗಿ ಬರಿಗೈಯಲ್ಲಿ ಬರುವುದುಂಟಾ? ಮುಟ್ಟದ ದುಡ್ಡಿನಲ್ಲಿ ₹8,500 ಉಳಿದೇ ಬಂತು.

ಇದೇ ಪ್ರವಾಸವನ್ನು ಇನ್ನೊಬ್ಬರಿಗೆ ಹೊಂದಿಸಿಕೊಡುವುದಾದರೆ ನಾನು ಬದಲಿಸುವುದು ಎರಡು. ಹಾಲಾಂಗ್‌ನ ಒಂದು ದಿನದ ಪ್ರವಾಸ ತೆಗೆಯುತ್ತೇನೆ. ₹3,400 ಕೊಟ್ಟು ಬಸ್ಸಿನಲ್ಲಿ ಕೂತಿದ್ದೇ ಹೆಚ್ಚು, ನೀರಿನ ಮೇಲೆ ಇದ್ದಿದ್ದು ಕಡಿಮೆ. ಆ ಕೊಲ್ಲಿಯನ್ನು ನೋಡಬೇಕಾದರೆ ಒಂದು ರಾತ್ರಿ ಅಲ್ಲೇ ಇರಬೇಕು, ಇಲ್ಲದಿದ್ದರೆ ಬಿಡಬೇಕು. ಆ ದಿನವನ್ನು ನಿನ್ ಬಿನ್‌ಗೆ ಕೊಡುತ್ತೇನೆ. ಎರಡನೆಯದು, ಹೊರಡುವ ಒಂದು ವಾರ ಮೊದಲು ಕಾರ್ಡಿನ ಮೂರೂ ಗುಂಡಿಗಳನ್ನು ಎದುರಿಗೆ ಕೂತು ತೆರೆಸುತ್ತೇನೆ. ಸದ್ಯ ಅವಳ ಪುಸ್ತಕ ತೀರ್ಥಹಳ್ಳಿಯ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಇದೆ. ಅವರಿಗೆ 63. ರಜೆಯ ಹಂಗಿಲ್ಲ, ಹಾಗಾಗಿ ಮಾರ್ಚ್ ನೋಡುತ್ತಿದ್ದಾರೆ. ಇಂಗ್ಲಿಷ್ ಚೆನ್ನಾಗಿದೆ, ಮಂಡಿನೋವು ಇದೆ. ಅವರ ಮೊದಲ ದಿನದ ಪುಟದಲ್ಲಿ 86ನೇ ಬಸ್ ಹೊಡೆದುಹಾಕಿ ಟ್ಯಾಕ್ಸಿ ಬರೆದಿದ್ದೇವೆ.